ಫೋರ್‌ಮನ್ : ಒಂದು ಪದದ ಅರ್ಥ ಮತ್ತು ಬಳಕೆ

ಕನ್ನಡ ನಾಡಿನ ಯಂತ್ರಶಾಲೆಗಳಲ್ಲಿಯೂ ಅಚ್ಚುಕೂಟಗಳಲ್ಲಿಯೂ ರೈಲ್ವೆ ಕಾರ್ಯಾಗಾರಗಳಲ್ಲಿಯೂ ಬಳಕೆಗೊಂಡು ಬಂದ ಇಂಗ್ಲಿಷ್ ಪದಗಳಲ್ಲಿ ‘ಫೋರ್‌ಮನ್’ ಎಂಬುದು ಒಂದು. ಇಂಗ್ಲಿಷಿನ ಒಂದಕ್ಷರವೂ ತಿಳಿಯದ ಕೂಲಿಕಾರನು ಸಹ ಇದನ್ನು ತಡವರಿಸದೆ ನುಡಿಯುತ್ತಾನೆ. ಆದರೆ ಇದರ ಅರ್ಥವೇನೆಂದು ಕೇಳಿದರೆ ‘ಮೇಲ್ವಿಚಾರಕ’ ಎಂದೋ ‘ಮೇಸ್ತ್ರಿ’ ಎಂದೋ ಒಂದು ಮಾತಿನ ಉತ್ತರ ದೊರೆಯುತ್ತದೆ. ಆ ಉತ್ತರ ತಪ್ಪಲ್ಲ, ಆದರೆ ಸಾಲದು. ನ್ಯಾಯಾಲಯದ ಪಂಚರ ಮುಖ್ಯಸ್ಥನಿಗೆ ಇದೇ ಹೆಸರು. ಚಿನ್ನದ ಗಣಿಯ ಆಳದಲ್ಲಿ ಆಳುಗಳ ಪ್ರಾಣಕ್ಕೆ ಹೊಣೆಯಾದವನಿಗೆ ಇದೇ ಹೆಸರು. ಊರಿನಲ್ಲಿ ಚೀಟಿ ನಡೆಸುವವನಿಗೂ ಕಾಯಿದೆಯ ಪುಸ್ತಕದಲ್ಲಿ ಇದೇ ಹೆಸರು. ಇಷ್ಟೇ ಅಲ್ಲ, ಒಬ್ಬ ದುಡಿಯುವ ಮನುಷ್ಯನು ಈ ಹೆಸರಿನ ಒಳಗೆ ಬರುವನೋ ಹೊರಗೆ ಉಳಿಯುವನೋ ಎಂಬುದರ ಮೇಲೆ ಅವನ ಹೆಚ್ಚುವರಿ ವೇತನ, ಕೆಲಸದ ಭದ್ರತೆ, ಅನ್ಯಾಯವಾದಾಗ ಕಾರ್ಮಿಕ ನ್ಯಾಯಾಲಯದ ಬಾಗಿಲು ಬಡಿಯುವ ಹಕ್ಕು ಮುಂತಾದವು ಅವಲಂಬಿಸಿರುವುದುಂಟು. ಪ್ರೌಢಶಾಲೆ ಮುಗಿಸಿ ಕೈಗಾರಿಕಾ ತರಬೇತಿ ಸಂಸ್ಥೆಗೋ ಪಾಲಿಟೆಕ್ನಿಕ್‌ಗೋ ಹೋಗಲಿರುವ ವಿದ್ಯಾರ್ಥಿಗಳು ಈ ಪದದ ಒಳಹೊರಗನ್ನು ತಿಳಿದಿರುವುದು ಆದುದರಿಂದ ಉಪಯುಕ್ತ.

ಪದದ ರಚನೆ ಸರಳವಾದುದು. ‘ಫೋರ್’ ಎಂದರೆ ಮುಂದಿನ, ಮುಂಭಾಗದ. ಹಣೆಗೆ ಇಂಗ್ಲಿಷಿನಲ್ಲಿ ‘ಫೋರ್‌ಹೆಡ್’ ಎನ್ನುವಾಗ ಇರುವುದೂ ಇದೇ ‘ಫೋರ್’. ‘ಮನ್’ ಎಂಬುದು ‘ಮ್ಯಾನ್’ ಶಬ್ದದ ಒತ್ತಿಲ್ಲದ ಉಚ್ಚಾರ. ಎರಡನ್ನೂ ಕೂಡಿಸಿದರೆ ಮುಂದಿನ ಮನುಷ್ಯ, ಮುಂದೆ ನಿಂತವನು ಎಂದಾಯಿತು. 13ನೆಯ ಶತಮಾನದ ಇಂಗ್ಲಿಷಿನಲ್ಲಿ ಇದಕ್ಕೆ ಸಾಮಾನ್ಯವಾಗಿ ನಾಯಕ ಎಂಬ ಅರ್ಥವಿತ್ತು. 15ನೆಯ ಶತಮಾನದಲ್ಲಿ ನ್ಯಾಯಾಲಯದ ಪಂಚರಲ್ಲಿ ಮುಖ್ಯನಾದವನಿಗೂ, 16ನೆಯ ಶತಮಾನದಲ್ಲಿ ಕೆಲಸಗಾರರಲ್ಲಿ ಪ್ರಧಾನನಾದವನಿಗೂ ಈ ಹೆಸರು ಸಂದಿತು. ‘ಕೆಲಸಗಾರರಲ್ಲಿ ಪ್ರಧಾನ’ ಎಂಬುದನ್ನು ಇಲ್ಲಿ ಲಕ್ಷಿಸಬೇಕು. ಅವನು ಹೊರಗಿನಿಂದ ಬಂದ ಅಧಿಕಾರಿಯಲ್ಲ. ಅದೇ ಗುಂಪಿನವನು, ಗುಂಪಿನ ಮುಂದೆ ನಿಂತವನು. ಆಜ್ಞೆ ಎಂಬ ಅರ್ಥದ ಪಾರಸಿ ಶಬ್ದ ‘ಫರ್ಮಾನು’ ಧ್ವನಿಯಲ್ಲಿ ಇದಕ್ಕೆ ತೀರ ಸಮೀಪವಾಗಿದ್ದರೂ, ಫೋರ್‌ಮನ್ನನು ಆಜ್ಞೆ ಮಾಡುವವನೇ ಆಗಿದ್ದರೂ, ಎರಡು ಪದಗಳಿಗೆ ಯಾವ ಸಂಬಂಧವೂ ಇಲ್ಲ.

ಕೆಲಸದ ಉಸ್ತುವಾರಿಗೆ ಇಂಗ್ಲಿಷಿನಲ್ಲಿ ಬೇರೆ ಪದಗಳೂ ಉಂಟು. ‘ಓವರ್‌ಸಿಯರ್’ ಎಂದರೆ ಮೇಲಿನಿಂದ ನೋಡುವವನು. ‘ಸೂಪರ್‌ವೈಸರ್’ ಎಂಬುದು ಲ್ಯಾಟಿನ್ ಮೂಲದ ಶಬ್ದ. ಅದರ ಅರ್ಥವೂ ಮೇಲಿನಿಂದ ನೋಡುವವನು ಎಂದೇ. ಕ್ರೈಸ್ತರ ಧರ್ಮಾಧಿಕಾರಿಗೆ ಹೇಳುವ ‘ಬಿಷಪ್’ ಶಬ್ದವನ್ನು ಅದರ ಗ್ರೀಕ್ ಮೂಲದವರೆಗೆ ಹಿಂಬಾಲಿಸಿದರೆ ಅಲ್ಲಿಯೂ ಮೇಲಿನಿಂದ ನೋಡುವವನೆಂಬ ಅರ್ಥವೇ ದೊರೆಯುತ್ತದೆ. ಚಹ ಮತ್ತು ಕಾಫಿ ತೋಟಗಳ ಚರಿತ್ರೆಯಲ್ಲಿ ಕೇಳಿಬರುವ ತಮಿಳಿನ ‘ಕಂಗಾಣಿ’ ಎಂಬ ಪದವೂ ಇದೇ ಜಾತಿಯದು. ಕಣ್ಣಿನಿಂದ ಕಾಣುವವನು, ಕಣ್ಣಿಟ್ಟು ಕಾಯುವವನು ಎಂದು ಅದರ ಅರ್ಥ. ಇವೆಲ್ಲ ‘ನೋಟ’ದ ಪದಗಳು. ನೋಡುವವನು ಒಂದೆಡೆ, ನೋಡಿಸಿಕೊಳ್ಳುವವನು ಇನ್ನೊಂದೆಡೆ ಎಂಬ ಭೇದ ಇವುಗಳ ಹುಟ್ಟಿನಲ್ಲಿಯೇ ಇದೆ. ಫೋರ್‌ಮನ್ ಹಾಗಲ್ಲ, ಅದು ‘ಸ್ಥಾನ’ದ ಪದ. ಮುಂದೆ ನಿಂತವನೂ ಹಿಂದೆ ನಿಂತವರೂ ಒಂದೇ ಸಾಲಿನವರು. ಈ ಎರಡು ಬಗೆಯ ಪದಗಳ ಅಂತರವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗಿ ತಿಳಿಯುತ್ತದೆ.

ನೋಟದ ಪದವಾದ ‘ಓವರ್‌ಸಿಯರ್’ ಹಲವು ವೇಷಗಳನ್ನು ಧರಿಸಿದೆ. 1601ರ ಇಂಗ್ಲೆಂಡಿನ ದರಿದ್ರರ ಕಾಯಿದೆಯ ಮೇರೆಗೆ ಪ್ರತಿಯೊಂದು ಪ್ಯಾರಿಷ್‌ನಲ್ಲಿ ಬಡವರಿಗಾಗಿ ತೆರಿಗೆ ಎತ್ತಿ ಹಂಚುವವನು ಓವರ್‌ಸಿಯರ್. ನಮ್ಮ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಕೆರೆ, ಕಟ್ಟಡಗಳ ಕೆಲಸವನ್ನು ಅಳತೆ ಪುಸ್ತಕ ಹಿಡಿದು ನೋಡುತ್ತಿದ್ದವನೂ ಓವರ್‌ಸಿಯರ್. ಅಮೆರಿಕದ ದಕ್ಷಿಣ ರಾಜ್ಯಗಳ ಹೊಲಗಳಲ್ಲಾದರೋ ಇದು ಭಯಂಕರವಾದ ಹೆಸರು. ಅಲ್ಲಿ ಗುಲಾಮರನ್ನು ಚಾವಟಿ ಹಿಡಿದು ದುಡಿಸುತ್ತಿದ್ದ ಬಿಳಿಯ ಸಂಬಳದಾಳಿಗೆ ಓವರ್‌ಸಿಯರ್ ಎಂದೇ ಹೆಸರು. ಮೇರಿಲೆಂಡಿನಲ್ಲಿ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ಮುಂದೆ ಮಹಾ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಇಂತಹ ಹಲವರ ಚಿತ್ರಗಳಿವೆ. ಏಟು ತಾಳಲಾರದೆ ನೀರಿಗಿಳಿದು ನಿಂತ ಗುಲಾಮನೊಬ್ಬನನ್ನು, ಮೂರು ಬಾರಿ ಕರೆದರೂ ಬರಲಿಲ್ಲವೆಂದು, ಓವರ್‌ಸಿಯರನು ಅಲ್ಲಿಯೇ ಗುಂಡಿಟ್ಟು ಕೊಂದುದನ್ನೂ ಅದಕ್ಕೆ ಅವನಿಗೆ ಯಾವ ಶಿಕ್ಷೆಯೂ ಆಗದುದನ್ನೂ ಡಗ್ಲಸ್ ದಾಖಲಿಸಿದ್ದಾನೆ. ಒಂದೇ ಪದ ಒಂದೆಡೆ ಬಡವರಿಗೆ ಅನ್ನ ಹಂಚುವವನಿಗೂ ಇನ್ನೊಂದೆಡೆ ಪ್ರಾಣ ತೆಗೆಯುವವನಿಗೂ ಸಲ್ಲಬಲ್ಲದು. ಪದದ ಹಣೆಬರಹವನ್ನು ಬರೆಯುವುದು ವ್ಯಾಕರಣವಲ್ಲ, ಅದನ್ನು ಹೊತ್ತವನ ಕೈಗೆ ಕೊಟ್ಟ ಅಧಿಕಾರ.

ಫೋರ್‌ಮನ್ ಪದದ ಮೂಲಾರ್ಥ ಹೆಚ್ಚು ಶುದ್ಧವಾಗಿ ಉಳಿದುಬಂದಿರುವುದು ನ್ಯಾಯಾಲಯದ ಪಂಚರಲ್ಲಿ. ಪಂಚರು ತಮ್ಮಲ್ಲಿಯೇ ಒಬ್ಬನನ್ನು ಫೋರ್‌ಮನ್ ಎಂದು ಆರಿಸಿಕೊಳ್ಳುತ್ತಾರೆ. ಚರ್ಚೆಯನ್ನು ನಡೆಸುವುದು, ನ್ಯಾಯಾಧೀಶರಲ್ಲಿ ಏನಾದರೂ ಕೇಳುವುದಿದ್ದರೆ ಕೇಳುವುದು, ಕೊನೆಯಲ್ಲಿ ಎದ್ದು ನಿಂತು ತೀರ್ಮಾನವನ್ನು ತಿಳಿಸುವುದು ಅವನ ಕೆಲಸ. ಅವನ ಮತಕ್ಕೆ ಉಳಿದವರ ಮತಕ್ಕಿಂತ ಹೆಚ್ಚು ತೂಕವಿಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ ವ್ಯವಸ್ಥೆ ಭಾರತದಲ್ಲಿಯೂ ಇತ್ತು. 1959ರಲ್ಲಿ ಮುಂಬಯಿಯ ಸೆಷನ್ಸ್ ನ್ಯಾಯಾಲಯದಲ್ಲಿ ನೌಕಾದಳದ ಅಧಿಕಾರಿ ನಾನಾವತಿಯ ವಿಚಾರಣೆ ನಡೆದಾಗ ಒಂಬತ್ತು ಮಂದಿ ಪಂಚರಲ್ಲಿ ಎಂಟು ಮಂದಿ ಅವನನ್ನು ನಿರ್ದೋಷಿ ಎಂದರು. ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಅಲ್ಲಿ ಅವನಿಗೆ ಶಿಕ್ಷೆಯಾಯಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1973ರ ಹೊಸ ಸಂಹಿತೆಯಲ್ಲಿ ಪಂಚರ ವಿಚಾರಣೆಗೆ ಸ್ಥಾನವೇ ಉಳಿಯಲಿಲ್ಲ. ಅದರೊಡನೆ ಈ ಅರ್ಥದ ಫೋರ್‌ಮನ್ನನೂ ನಮ್ಮ ಕ್ರಿಮಿನಲ್ ನ್ಯಾಯಾಲಯಗಳಿಂದ ಮರೆಯಾದನು. ಸ್ಕ್ಯಾಂಡಿನೇವಿಯದ ಭಾಷೆಗಳಲ್ಲಿ ಇದೇ ಪದದ ಸೋದರ ರೂಪಗಳಿವೆ. ನಾರ್ವೆ ಮತ್ತು ಡೆನ್ಮಾರ್ಕುಗಳಲ್ಲಿ ಅದು ಸಭೆಯ ಅಧ್ಯಕ್ಷನಿಗೆ ಸಲ್ಲುತ್ತದೆ; ಪಕ್ಕದ ಸ್ವೀಡನ್ನಿನಲ್ಲಿ ಮಾತ್ರ ಕೆಲಸ ಮಾಡಿಸುವವನಿಗೆ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಗಾದಿಯನ್ನೇರಿದ, ಇನ್ನೊಬ್ಬ ಕಾರ್ಖಾನೆ ಸೇರಿದ.

ಕಾರ್ಖಾನೆ ಸೇರಿದವನ ಕಥೆಯೇ ದೊಡ್ಡದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡು ಅಮೆರಿಕಗಳ ಕಾರ್ಖಾನೆಗಳಲ್ಲಿ ಮಾಲೀಕನು ಯಂತ್ರವನ್ನೂ ಕಚ್ಚಾ ಸಾಮಗ್ರಿಯನ್ನೂ ಒದಗಿಸಿ ಉಳಿದುದನ್ನು ಬಹುಮಟ್ಟಿಗೆ ಫೋರ್‌ಮನ್ನನಿಗೆ ಬಿಟ್ಟುಬಿಡುತ್ತಿದ್ದನು. ಬೆಳಗ್ಗೆ ಬಾಗಿಲ ಬಳಿ ನೆರೆದ ಗುಂಪಿನಲ್ಲಿ ಯಾರನ್ನು ಒಳಗೆ ಕರೆಯಬೇಕು, ಯಾರಿಗೆ ಎಷ್ಟು ಕೂಲಿ, ಯಾರನ್ನು ಯಾವಾಗ ಹೊರಗೆ ಹಾಕಬೇಕು ಎಂಬುದೆಲ್ಲ ಅವನ ಬಾಯಿಮಾತಿನಲ್ಲಿ ತೀರ್ಮಾನವಾಗುತ್ತಿತ್ತು. ಬೇಕಾದವರಿಗೆ ಒಳ್ಳೆಯ ಕೆಲಸ, ಬೇಡದವರಿಗೆ ಕೆಟ್ಟ ಕೆಲಸ. ಕೆಲಸ ಉಳಿಸಿಕೊಳ್ಳಲು ಕಾಣಿಕೆ. ಬೈಗುಳ ಹಾಗೂ ಬೆದರಿಕೆಯಿಂದ ವೇಗ. ಕೆಲಸವನ್ನು ನಿಜವಾಗಿ ಬಲ್ಲವನೂ ಅವನೇ ಆಗಿದ್ದುದರಿಂದ ಮಾಲೀಕನು ಅವನನ್ನು ಮುಟ್ಟಲಾರನು. ಫೋರ್‌ಮನ್ನನು ‘ಮುಂದೆ ನಿಂತ ಕೆಲಸಗಾರ’ ಎಂಬ ಹಳೆಯ ಅರ್ಥವನ್ನು ಕಳೆದುಕೊಂಡು ಒಂದು ಪುಟ್ಟ ಸಂಸ್ಥಾನದ ಪಾಳೆಯಗಾರನಾದ ಕಾಲವಿದು.

ನಮ್ಮ ದೇಶದ ಹತ್ತಿ ಗಿರಣಿಗಳಲ್ಲಿ ಈ ಸ್ಥಾನದಲ್ಲಿದ್ದವನಿಗೆ ‘ಜಾಬರ್’ ಎಂದು ಹೆಸರು. ಊರಿಂದ ಆಳು ತರುವವನು, ಮಗ್ಗಕ್ಕೆ ಹಚ್ಚುವವನು, ಕೆಲಸ ಕಲಿಸುವವನು, ಸಾಲ ಕೊಡುವವನು, ಕೆಲಸದಿಂದ ತೆಗೆಯಿಸುವವನು ಎಲ್ಲ ಅವನೇ. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಒಪ್ಪಿಸಿದ ರಾಯಲ್ ಕಾರ್ಮಿಕ ಆಯೋಗವು ಜಾಬರನ ಲಂಚವನ್ನೂ ದಬ್ಬಾಳಿಕೆಯನ್ನೂ ವಿವರವಾಗಿ ಚರ್ಚಿಸಿ, ಆಳುಗಳ ನೇಮಕವನ್ನು ಅವನ ಕೈಯಿಂದ ತಪ್ಪಿಸಿ ಲೇಬರ್ ಆಫೀಸರ್ ಎಂಬ ಪ್ರತ್ಯೇಕ ಅಧಿಕಾರಿಗೆ ವಹಿಸಬೇಕೆಂದು ಸಲಹೆ ಮಾಡಿತು.

ಅಮೆರಿಕದಲ್ಲಿ ಈ ಪಾಳೆಯಗಾರಿಕೆಯನ್ನು ಮುರಿಯಲು ಹೊರಟವರಲ್ಲಿ ಪ್ರಸಿದ್ಧನು ಫ್ರೆಡರಿಕ್ ಟೇಲರ್. ಸ್ವತಃ ಅವನೇ ಫೋರ್‌ಮನ್ನನಾಗಿದ್ದವನು ಎಂಬುದು ಸ್ವಾರಸ್ಯದ ಸಂಗತಿ. 1878ರಲ್ಲಿ ಫಿಲಡೆಲ್ಫಿಯದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಸಾಮಾನ್ಯ ಕೂಲಿಯಾಗಿ ಸೇರಿದ ಅವನು ಲೇತು ಯಂತ್ರದಲ್ಲಿ ಕೆಲಸ ಮಾಡಿ, ಬಳಿಕ ಒಂದು ತಂಡದ ಮುಖ್ಯಸ್ಥನಾದನು. ಆ ದಿನ ಜೊತೆಗಾರರು ಅವನ ಬಳಿಗೆ ಬಂದು, ಇನ್ನು ಮೇಲೆ ತಮ್ಮಿಂದ ಹೆಚ್ಚು ಕೆಲಸ ಹಿಂಡುವನೋ ಎಂದು ವಿಚಾರಿಸಿದರು. ಇದುವರೆಗೆ ನಿಮ್ಮ ಪಕ್ಷದಲ್ಲಿದ್ದೆ, ಈಗ ಆಡಳಿತದ ಪಕ್ಷಕ್ಕೆ ಬಂದಿದ್ದೇನೆ ಎಂಬ ಅರ್ಥದ ಉತ್ತರ ಕೊಟ್ಟುದಾಗಿ 1912ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯ ಮುಂದೆ ಟೇಲರನೇ ಹೇಳಿದನು. ಅಂದಿನಿಂದ ಕೆಲವು ವರ್ಷ ಅವನಿಗೂ ಹಳೆಯ ಗೆಳೆಯರಿಗೂ ನಿತ್ಯ ಜಗಳ. ಮುಂದಕ್ಕೆ ಬಂದ ಕೆಲಸಗಾರನ ಸಂಕಟವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ದುರ್ಲಭ.

ಟೇಲರನು 1903ರಲ್ಲಿ ಪ್ರಕಟಿಸಿದ ಕಾರ್ಖಾನೆ ಆಡಳಿತದ ಪ್ರಬಂಧದಲ್ಲಿ ಒಬ್ಬ ಫೋರ್‌ಮನ್ನನ ಕೆಲಸವನ್ನು ಎಂಟು ಮಂದಿಗೆ ಹಂಚಿದನು. ನಾಲ್ವರು ಯೋಜನೆಯ ಕೋಣೆಯಲ್ಲಿ ಕುಳಿತು ಕೆಲಸದ ಕ್ರಮ, ಸೂಚನೆಯ ಚೀಟಿ, ಕಾಲ ಮತ್ತು ವೆಚ್ಚದ ಲೆಕ್ಕ, ಶಿಸ್ತು ಇವುಗಳನ್ನು ನೋಡಬೇಕು. ಇನ್ನು ನಾಲ್ವರು ಯಂತ್ರಗಳ ನಡುವೆ ನಿಂತು ಸಾಮಗ್ರಿ ಜೋಡಣೆ, ಯಂತ್ರದ ವೇಗ, ತಯಾರಾದ ವಸ್ತುವಿನ ತಪಾಸಣೆ, ಯಂತ್ರದ ದುರಸ್ತಿ ಇವುಗಳನ್ನು ನೋಡಬೇಕು. ಒಬ್ಬನಲ್ಲಿ ಇಷ್ಟು ಗುಣಗಳು ಸಿಗುವುದಿಲ್ಲ, ಆದುದರಿಂದ ಹಂಚಬೇಕು ಎಂಬುದು ಅವನ ವಾದ. ಎಂಟು ಮಂದಿ ಯಜಮಾನರ ಮಾತನ್ನು ಏಕಕಾಲಕ್ಕೆ ಕೇಳಬೇಕಾದ ಕೆಲಸಗಾರನ ಪಾಡನ್ನು ಯಾರಾದರೂ ಊಹಿಸಬಹುದು! ಈ ಏರ್ಪಾಡು ಇದ್ದಂತೆಯೇ ಹೆಚ್ಚು ಕಡೆ ನಿಲ್ಲಲಿಲ್ಲ. ಆದರೆ ಇಂದಿನ ಕಾರ್ಖಾನೆಗಳಲ್ಲಿ ಯೋಜನಾ ವಿಭಾಗ, ಗುಣ ನಿಯಂತ್ರಣ ವಿಭಾಗ, ನಿರ್ವಹಣಾ ವಿಭಾಗ ಎಂದು ಪ್ರತ್ಯೇಕವಾಗಿ ಕಾಣುವುವೆಲ್ಲ ಒಂದು ಕಾಲಕ್ಕೆ ಒಬ್ಬನೇ ಫೋರ್‌ಮನ್ನನ ತಲೆಯೊಳಗಿದ್ದ ಕೆಲಸಗಳು.

ಅಧಿಕಾರ ಹೀಗೆ ಕರಗಿದರೂ ಹೊಣೆ ಕರಗಲಿಲ್ಲ. ಉತ್ಪಾದನೆ ಕಡಿಮೆಯಾದರೆ ಮೇಲಿನವರು ಅವನನ್ನು ಕೇಳುವರು. ಕೂಲಿ ಕಡಿತವಾದರೆ ಕೆಳಗಿನವರು ಅವನನ್ನು ಕೇಳುವರು. ಕಾರ್ಮಿಕ ಸಂಘಗಳು ಬಲಗೊಂಡ ಮೇಲೆ ಕೆಲಸಗಾರರಿಗೆ ತಮ್ಮ ಪರವಾಗಿ ಮಾತನಾಡುವ ಮುಖಂಡರು ದೊರೆತರು, ಫೋರ್‌ಮನ್ನನಿಗೆ ಯಾರೂ ಇಲ್ಲ. ಆಗ ಅಮೆರಿಕದ ಫೋರ್‌ಮನ್ನರೇ ಒಂದು ಸಂಘ ಕಟ್ಟಿದರು. 1941ರಲ್ಲಿ ಡೆಟ್ರಾಯಿಟ್‌ನ ಮೋಟಾರು ಕಾರ್ಖಾನೆಗಳಲ್ಲಿ ಹುಟ್ಟಿದ ಈ ಸಂಘಕ್ಕೆ ಕಾನೂನಿನ ಮಾನ್ಯತೆ ಉಂಟೇ ಎಂಬ ಪ್ರಶ್ನೆ ಅಲ್ಲಿಯ ಸುಪ್ರೀಂ ಕೋರ್ಟಿಗೆ ಹೋಯಿತು. 1947ರ ಮಾರ್ಚಿಯಲ್ಲಿ ಪ್ಯಾಕರ್ಡ್ ಮೋಟಾರು ಕಂಪನಿಯ ಮೊಕದ್ದಮೆಯಲ್ಲಿ, ಫೋರ್‌ಮನ್ನರೂ ಸಂಬಳಕ್ಕೆ ದುಡಿಯುವ ನೌಕರರೇ ಎಂದು ನ್ಯಾಯಾಲಯವು ಅಲ್ಪ ಬಹುಮತದಿಂದ ತೀರ್ಪಿತ್ತಿತು. ಅವರ ಸಂತೋಷ ನಾಲ್ಕು ತಿಂಗಳೂ ಬಾಳಲಿಲ್ಲ ಎನ್ನಬಹುದು. ಅದೇ ವರ್ಷದ ಜೂನ್‌ನಲ್ಲಿ ಅಧ್ಯಕ್ಷ ಟ್ರೂಮನ್ನರ ನಿಷೇಧಾಧಿಕಾರವನ್ನು ಮೀರಿ ಅಂಗೀಕೃತವಾದ ಟಾಫ್ಟ್–ಹಾರ್ಟ್ಲಿ ಕಾಯಿದೆಯು ಮೇಲ್ವಿಚಾರಕರನ್ನು ನೌಕರರೆಂಬ ವ್ಯಾಖ್ಯೆಯಿಂದಲೇ ಹೊರಗೆ ಹಾಕಿತು. ಸಂಘ ಕಟ್ಟಬಾರದೆಂದು ಅದು ಹೇಳಲಿಲ್ಲ. ಮಾಲೀಕನು ಆ ಸಂಘದೊಡನೆ ಮಾತನಾಡಬೇಕಾಗಿಲ್ಲ ಎಂದಿತು.

ಅದೇ 1947ರ ಏಪ್ರಿಲ್ 1ರಿಂದ ನಮ್ಮ ದೇಶದ ಕೈಗಾರಿಕಾ ವಿವಾದಗಳ ಕಾಯಿದೆ ಜಾರಿಗೆ ಬಂದಿತು. ಇಲ್ಲಿ ಕಾನೂನು ಹಿಡಿದ ದಾರಿ ಬೇರೆ. ಮೊದಲು ‘ವರ್ಕ್‌ಮನ್’ ಎಂಬ ವ್ಯಾಖ್ಯೆಯಲ್ಲಿ ಕೈಕೆಲಸದವರೂ ಗುಮಾಸ್ತರೂ ಮಾತ್ರ ಇದ್ದರು. 1956ರ ತಿದ್ದುಪಡಿಯು ತಾಂತ್ರಿಕ ಕೆಲಸದವರನ್ನೂ ಮೇಲ್ವಿಚಾರಣೆಯ ಕೆಲಸದವರನ್ನೂ ಅದರೊಳಗೆ ತಂದಿತು. ಆದರೆ ಒಂದು ಗೆರೆ ಎಳೆಯಿತು: ಮೇಲ್ವಿಚಾರಣೆ ಮಾಡುವವನ ಸಂಬಳ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚಿದ್ದರೆ, ಅಥವಾ ಅವನ ಕರ್ತವ್ಯಗಳು ಮುಖ್ಯವಾಗಿ ಆಡಳಿತದ ಸ್ವರೂಪದವಾಗಿದ್ದರೆ, ಅವನು ವರ್ಕ್‌ಮನ್ ಅಲ್ಲ. 1982ರ ತಿದ್ದುಪಡಿಯಲ್ಲಿ ಆ ಮಿತಿ 1,600 ರೂಪಾಯಿಯಾಯಿತು, 2010ರಲ್ಲಿ 10,000 ರೂಪಾಯಿ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದು 18,000 ರೂಪಾಯಿ. ಹದಿನೈದು ಇಪ್ಪತ್ತು ವರ್ಷ ಯಂತ್ರದ ಮುಂದೆ ದುಡಿದು ಫೋರ್‌ಮನ್ನನಾಗಿ ಬಡ್ತಿ ಪಡೆದವನು ಮನೆಗೆ ಸಿಹಿ ಒಯ್ಯುತ್ತಾನೆ. ಆದರೆ ಅದೇ ದಿನ ಅವನು ಈ ಗೆರೆಯನ್ನು ದಾಟಿರಬಹುದು. 1947ರ ಕಾಯಿದೆಯ ಕಾಲದಲ್ಲಿ, ದಾಟಿದ ಮೇಲೆ ಅವನನ್ನು ಕೆಲಸದಿಂದ ತೆಗೆದರೆ ಕಾರ್ಮಿಕ ನ್ಯಾಯಾಲಯದ ರಕ್ಷಣೆ ಅವನಿಗೆ ಇರಲಿಲ್ಲ, ರಿಟ್ರೆಂಚ್‌ಮೆಂಟ್ ಪರಿಹಾರವೂ ಆ ಕಾಯಿದೆಯಡಿ ಅವನಿಗೆ ದೊರೆಯುತ್ತಿರಲಿಲ್ಲ. ಹೆಚ್ಚುವರಿ ದುಡಿಮೆಯ ಮಾತೂ ಹಾಗೆಯೇ. 1948ರ ಕಾರ್ಖಾನೆ ಕಾಯಿದೆಯು ನಿಗದಿಪಡಿಸಿದ ಗಂಟೆಗಳನ್ನು ಮೀರಿ ದುಡಿದವನಿಗೆ ಇಮ್ಮಡಿ ದರದ ಕೂಲಿ ಕೊಡಬೇಕೆಂದಿತು. ಮೇಲ್ವಿಚಾರಣೆಯ ಹುದ್ದೆಯವರು ಯಾರೆಂದು ಗೊತ್ತುಮಾಡಿ ಅವರನ್ನು ಈ ಅಧ್ಯಾಯದಿಂದ ಹೊರಗಿಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಇದರಿಂದ ಕೆಳದರ್ಜೆಯ ಮೇಲ್ವಿಚಾರಕರಿಗೆ ಆಗುತ್ತಿದ್ದ ನಷ್ಟವನ್ನು 1976ರ ತಿದ್ದುಪಡಿ ಸ್ವಲ್ಪಮಟ್ಟಿಗೆ ಸರಿಪಡಿಸಿತು.

ಹೀಗಿರುವಾಗ ಹೆಸರೊಂದನ್ನು ಕೊಟ್ಟು ಹಕ್ಕನ್ನು ಕಿತ್ತುಕೊಳ್ಳುವ ಯುಕ್ತಿ ಹುಟ್ಟದೆ ಇರುತ್ತದೆಯೇ? ಕೈಕೆಳಗೆ ಒಬ್ಬ ಆಳೂ ಇಲ್ಲದವನಿಗೆ ಫೋರ್‌ಮನ್ ಎಂದೋ ಸೂಪರ್‌ವೈಸರ್ ಎಂದೋ ಪದವಿ ಕೊಟ್ಟರೆ ಮುಗಿಯಿತು. ನ್ಯಾಯಾಲಯಗಳು ಈ ಯುಕ್ತಿಯನ್ನು ಒಪ್ಪಿಲ್ಲ. ಹುದ್ದೆಯ ಹೆಸರು ಮುಖ್ಯವಲ್ಲ, ಆ ಮನುಷ್ಯನು ದಿನದ ಹೆಚ್ಚು ಹೊತ್ತು ನಿಜವಾಗಿ ಮಾಡುವ ಪ್ರಧಾನ ಕೆಲಸ ಯಾವುದು ಎಂಬುದೇ ಮುಖ್ಯ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. 1970ರಲ್ಲಿ ವರದಿಯಾದ ಆನಂದ ಬಾಜಾರ್ ಪತ್ರಿಕಾ ಮೊಕದ್ದಮೆಯಲ್ಲಿ ಭವಿಷ್ಯ ನಿಧಿ ವಿಭಾಗದ ಹೊಣೆ ಹೊತ್ತಿದ್ದ ನೌಕರನೊಬ್ಬನ ಕೈಕೆಳಗೆ ಕೆಲವರು ಗುಮಾಸ್ತರಿದ್ದರು. ಅವರಿಗೆ ಕೆಲಸ ಹಂಚಿ, ರಜೆಗೆ ಶಿಫಾರಸು ಮಾಡುತ್ತಿದ್ದ ಮಾತ್ರಕ್ಕೆ ಅವನು ಮೇಲ್ವಿಚಾರಕನಾಗುವುದಿಲ್ಲ, ಅವನ ಮುಖ್ಯ ಕೆಲಸ ಗುಮಾಸ್ತಿಕೆಯೇ ಎಂದು ತೀರ್ಮಾನವಾಯಿತು. ನೇಮಕದ ಆದೇಶ ಕೈಗೆ ಬಂದಾಗ ಹುದ್ದೆಯ ಹೆಸರನ್ನು ಓದಿ ಹಿಗ್ಗುವುದಕ್ಕೆ ಮೊದಲು ಕರ್ತವ್ಯಗಳ ಪಟ್ಟಿಯನ್ನು ಓದುವುದು ಲೇಸು.

ಹಾಗಾದರೆ ಯಂತ್ರಶಾಲೆಯ ಫೋರ್‌ಮನ್ನನು ನಿಜವಾಗಿ ಮಾಡುವುದೇನು? ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದುವು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ ಇವೆಲ್ಲಕ್ಕಿಂತ ಹಳೆಯದು. ಇಂತಹ ಕಡೆಗಳಲ್ಲಿ ಕೆಲಸಗಾರ, ಚಾರ್ಜ್‌ಮನ್ ಅಥವಾ ಚಾರ್ಜ್‌ಹ್ಯಾಂಡ್, ಅಸಿಸ್ಟೆಂಟ್ ಫೋರ್‌ಮನ್, ಫೋರ್‌ಮನ್ ಎಂಬ ಏಣಿಯ ಮೆಟ್ಟಿಲುಗಳು ಹೆಸರಿನಲ್ಲಿ ಅಷ್ಟಿಷ್ಟು ಬೇರೆಯಾಗಿ ರೂಢಿಯಲ್ಲಿದ್ದುವು. ಯೋಜನಾ ವಿಭಾಗದಿಂದ ಬಂದ ಕೆಲಸದ ಚೀಟಿಗಳನ್ನು ನೋಡಿ ಯಾವ ಯಂತ್ರಕ್ಕೆ ಯಾವ ಕೆಲಸ, ಯಾವ ಕೈಗೆ ಯಾವ ಯಂತ್ರ ಎಂದು ಹಂಚುವುದು, ಬರದವನ ಜಾಗಕ್ಕೆ ಇನ್ನೊಬ್ಬನನ್ನು ನಿಲ್ಲಿಸುವುದು, ಮೊದಲು ತಯಾರಾದ ಒಂದು ಬಿಡಿಭಾಗವನ್ನು ಅಳತೆ ನೋಡಿ ಸರಿಯೆಂದ ಮೇಲೆಯೇ ಉಳಿದುದಕ್ಕೆ ಅಪ್ಪಣೆ ಕೊಡುವುದು, ಉಪಕರಣ ಸವೆದುದನ್ನು ಅದರ ಸದ್ದಿನಿಂದಲೇ ಗುರುತಿಸುವುದು, ಯಂತ್ರದ ರಕ್ಷಣಾ ಕವಚವನ್ನು ಬಿಚ್ಚಿಟ್ಟು ಅವಸರದಲ್ಲಿ ದುಡಿಯುವ ಹುಡುಗನನ್ನು ಗದರಿಸಿ ಮತ್ತೆ ತೊಡಿಸುವುದು ಇವು ಅವನ ಪಾಳಿಯ ದಿನಚರಿ. ಈ ಕೊನೆಯ ಕೆಲಸವನ್ನು ಸರಿಯಾಗಿ ಮಾಡಿದವನ ವಿಭಾಗದಲ್ಲಿ ಬೆರಳು ಕಳೆದುಕೊಂಡವರು ಕಡಿಮೆ. ಅಚ್ಚುಕೂಟದ ಫೋರ್‌ಮನ್ನನು ಮೊಳೆ ಜೋಡಿಸುವವರ ನಡುವೆ ನಿಂತು ಪುಟಕಟ್ಟಿಸಿ, ಕರಡು ತಿದ್ದಿಸಿ, ಯಂತ್ರಕ್ಕೆ ಏರಿಸುವವರೆಗೂ ಹೊಣೆಗಾರ. ಮೊಳೆಗಳ ಕಾಲ ಮುಗಿದಂತೆ ಆ ಹುದ್ದೆಯೂ ಬಹುಮಟ್ಟಿಗೆ ಮುಗಿಯಿತು. ರೈಲ್ವೆಯಲ್ಲಿಯೂ ಚಾರ್ಜ್‌ಮನ್ ಮುಂತಾದ ಹಳೆಯ ಹೆಸರುಗಳು ಹೋಗಿ ಜೂನಿಯರ್ ಇಂಜಿನಿಯರ್, ಸೀನಿಯರ್ ಸೆಕ್ಷನ್ ಇಂಜಿನಿಯರ್ ಎಂಬ ಹೆಸರುಗಳು ಬಂದಿವೆ.

ಗಣಿಗಳಲ್ಲಿ ಮಾತ್ರ ಈ ಹೆಸರನ್ನು ಮಾಲೀಕನು ತನಗೆ ಬೇಕಾದವನಿಗೆ ಕೊಡುವಂತಿಲ್ಲ. 1961ರ ಲೋಹದ ಗಣಿಗಳ ನಿಯಮಾವಳಿಯ ಪ್ರಕಾರ ಫೋರ್‌ಮನ್ನನಾಗಬೇಕಾದವನು ಗಣಿ ಸುರಕ್ಷತಾ ಇಲಾಖೆಯ ಪರೀಕ್ಷೆಗೆ ಕುಳಿತು ಯೋಗ್ಯತಾ ಪತ್ರವನ್ನು ಪಡೆಯಬೇಕು. ಅವನ ಕೆಳಗಿನವನು ‘ಮೇಟ್’. ಅವನಿಗೂ ಯೋಗ್ಯತಾ ಪತ್ರ ಬೇಕು. ಕಲ್ಲಿದ್ದಲ ಗಣಿಗಳಲ್ಲಿ ಇದೇ ಸ್ಥಾನದವರಿಗೆ ‘ಓವರ್‌ಮನ್’ ಎಂದೂ ‘ಸರದಾರ’ ಎಂದೂ ಹೆಸರು. ಪಾರಸಿಯ ಸರದಾರನು ಇಂಗ್ಲಿಷ್ ನಿಯಮಾವಳಿಯಲ್ಲಿ ಹಾಗೆಯೇ ಕುಳಿತಿರುವುದು ನೋಡತಕ್ಕ ವಿಷಯ. ಸುರಂಗದ ಚಾವಣಿ, ಆಸರೆಯ ಕಂಬ, ಗಾಳಿಯ ಸಂಚಾರ, ಸಿಡಿಮದ್ದು ಇವುಗಳನ್ನು ನೋಡಿ, ಅಪಾಯ ಕಂಡರೆ ಆಳುಗಳನ್ನು ಕೂಡಲೇ ಅಲ್ಲಿಂದ ಹೊರಡಿಸುವುದು ಇವರ ಕರ್ತವ್ಯ. ಉತ್ಪಾದನೆ ನಿಲ್ಲುತ್ತದೆಂಬುದು ಇದಕ್ಕೆ ಅಡ್ಡಿಯಾಗಲಾರದು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಸಿಡಿಯುವುದು ಮೇಲಿಂದ ಮೇಲೆ ಸಂಭವಿಸುತ್ತಿದ್ದ ವಿಪತ್ತು. ಆ ಗಣಿಗಳು 2001ರ ಫೆಬ್ರವರಿ ಕೊನೆಗೆ ಮುಚ್ಚಿದುವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಮುಂದುವರಿಯಿತು. ಫೋರ್‌ಮನ್ ಎಂಬ ಪದ ತನ್ನ ಮೂಲಾರ್ಥಕ್ಕೆ ಹತ್ತಿರವಾಗಿ ಬಾಳುವುದು ಇಂತಹ ಸ್ಥಳದಲ್ಲಿಯೇ, ಏಕೆಂದರೆ ಇಲ್ಲಿ ಅವನು ಆಳುಗಳಿಗಿಂತ ಮುಂಚೆ ಅಪಾಯದ ಎದುರು ನಿಲ್ಲುತ್ತಾನೆ.

ಚೀಟಿಯ ಫೋರ್‌ಮನ್ನನಿಗೆ ಯಂತ್ರದ ಗೊಡವೆಯಿಲ್ಲ. 1982ರ ಚೀಟಿ ನಿಧಿಗಳ ಕಾಯಿದೆಯ ಪ್ರಕಾರ, ಒಪ್ಪಂದದಂತೆ ಚೀಟಿಯನ್ನು ನಡೆಸುವ ಹೊಣೆ ಹೊತ್ತವನೇ ಫೋರ್‌ಮನ್. ಸದಸ್ಯರಿಂದ ಕಂತು ಕೂಡಿಸುವುದು, ಹರಾಜು ನಡೆಸುವುದು, ಗೆದ್ದವನಿಂದ ಜಾಮೀನು ಪಡೆದು ಹಣ ಕೊಡುವುದು ಅವನ ಕೆಲಸ. ಇದಕ್ಕೆ ಅವನು ಚೀಟಿಯ ಮೊತ್ತದ ಶೇಕಡಾ 5ರವರೆಗೆ ಕಮಿಷನ್ ಪಡೆಯಬಹುದೆಂದಿತ್ತು. 2019ರ ತಿದ್ದುಪಡಿ ಅದನ್ನು ಶೇಕಡಾ 7ಕ್ಕೆ ಏರಿಸಿತು. ಚೀಟಿ ಆರಂಭಿಸುವ ಮುನ್ನ ಅವನು ಭದ್ರತೆಯನ್ನು ಒಪ್ಪಿಸಬೇಕು. ಪಂಚರ ಫೋರ್‌ಮನ್ನನಂತೆ ಇವನೂ ಒಂದು ಗುಂಪಿನ ಮುಂದೆ ನಿಂತವನು. ವ್ಯತ್ಯಾಸವೆಂದರೆ ಗುಂಪಿನ ಹಣದ ಚೀಲವೂ ಇವನ ಬಳಿಯಲ್ಲಿದೆ. ನೋಂದಣಿಯಿಲ್ಲದೆ ಊರೂರುಗಳಲ್ಲಿ ನಡೆಯುವ ಚೀಟಿಗಳಲ್ಲಿ ಈ ‘ಮುಂದಿನವನು’ ಒಂದು ಬೆಳಗ್ಗೆ ಎಲ್ಲರಿಗಿಂತ ಮುಂದೆ ಓಡಿಹೋಗಿರುವುದೂ ಉಂಟು.

ಕನ್ನಡದಲ್ಲಿ ಇದಕ್ಕೆ ಯಾವ ಪದವನ್ನು ಬಳಸಬೇಕು? ಸರಕಾರಿ ಭಾಷಾಂತರಗಳಲ್ಲಿ ಕಾಣುವ ‘ಮೇಲ್ವಿಚಾರಕ’ ನೋಟದ ಪದ, ಸೂಪರ್‌ವೈಸರ್‌ಗೆ ಸರಿಯಾಗಿ ಹೊಂದುತ್ತದೆ. ಫೋರ್‌ಮನ್ನನಿಗೆ ಅದನ್ನು ಹಚ್ಚಿದರೆ ಅವನು ಸಾಲಿನಿಂದ ಹೊರಗೆ, ಎತ್ತರದಲ್ಲಿ ನಿಂತಂತಾಗುತ್ತದೆ. ‘ಮೇಸ್ತ್ರಿ’ ಪೋರ್ಚುಗೀಸರಿಂದ ಬಂದ ಶಬ್ದ. ಗುರು, ನಿಪುಣ ಎಂಬ ಅರ್ಥದ ‘ಮೆಸ್ತ್ರೆ’ ಅದರ ಮೂಲ. ಕಟ್ಟಡದ ಕೆಲಸದಲ್ಲಿ ಅದು ಇಂದಿಗೂ ಕೈಚಳಕದ ಗೌರವವನ್ನು ಉಳಿಸಿಕೊಂಡಿದೆ. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳ ಹಳೆಯ ಮೇಸ್ತ್ರಿ ಮಾತ್ರ ಮುಂಗಡ ಕೊಟ್ಟು ಆಳುಗಳನ್ನು ತಂದು ತಲೆಗಿ ಷ್ಟೆಂದು ಕಮಿಷನ್ ಎಣಿಸಿಕೊಳ್ಳುತ್ತಿದ್ದವನು. ಉತ್ತರ ಕರ್ನಾಟಕದ ಕಬ್ಬು ಕಡಿಯುವ ತಂಡಗಳಲ್ಲಿ ಮುಂಗಡದ ಈ ವ್ಯವಹಾರ ಮಾಡುವವನು ‘ಮುಕಾದಮ’. ಈ ಅರಬ್ಬಿ ಶಬ್ದದ ಮೂಲಾರ್ಥವನ್ನು ನೋಡಿದರೆ ಆಶ್ಚರ್ಯವಾಗುತ್ತದೆ: ಮುಂದೆ ಇರಿಸಲ್ಪಟ್ಟವನು, ಮುಂದಿನವನು! ಅಂದರೆ ಅಕ್ಷರಶಃ ಫೋರ್‌ಮನ್. ಇನ್ನು ನಮ್ಮದೇ ಆದ ‘ಮುಂದಾಳು’ ಇದೆ. ಮುಂದು ಮತ್ತು ಆಳು. ಇಂಗ್ಲಿಷ್ ಪದದ ಎರಡು ತುಂಡುಗಳಿಗೆ ಎರಡು ತುಂಡುಗಳು ಸರಿಹೊಂದುತ್ತವೆ. ‘ಆಳು’ ಎಂದರೆ ಮನುಷ್ಯನೂ ಹೌದು, ದುಡಿಯುವವನೂ ಹೌದು. ಹಳೆಯ ಇಂಗ್ಲಿಷಿನ ‘ಮ್ಯಾನ್’ಗೂ ಈ ಎರಡು ಅರ್ಥಗಳಿದ್ದುವು. ಆದರೆ ಮುಂದಾಳುವನ್ನು ಸಭೆ ಸಮಾರಂಭಗಳ ವೇದಿಕೆಗೆ ಹತ್ತಿಸಿ ಆಗಿದೆ. ಯಂತ್ರಶಾಲೆಗೆ ಮರಳಿ ಕರೆತಂದರೆ ಕೆಲಸಗಾರರು ನಕ್ಕಾರು. ಮೂರು ಭಾಷೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮೂರು ಪದಗಳಲ್ಲಿ ಒಂದು ಕಾರ್ಖಾನೆಯನ್ನೂ ಒಂದು ಕಬ್ಬಿನ ಗದ್ದೆಯನ್ನೂ ಒಂದು ರಾಜಕೀಯವನ್ನೂ ಸೇರಿದುವು. ಹೀಗಿರುವಾಗ ‘ಫೋರ್‌ಮನ್’ ಶಬ್ದವನ್ನು ಅದು ಇದ್ದಂತೆಯೇ ಬಳಸುವುದು ಮೇಲು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ಕಾಮಗಾರಿಗಳಲ್ಲಿ ಹಾಜರಿ ಹಿಡಿದು ಕೆಲಸ ಹಂಚುವ ‘ಮೇಟ್’ಗೆ ಕರ್ನಾಟಕದಲ್ಲಿ ‘ಕಾಯಕ ಬಂಧು’ ಎಂದು ಹೆಸರಿಡಲಾಯಿತು. ಅದು ನೋಟದ ಪದವೂ ಅಲ್ಲ, ಸ್ಥಾನದ ಪದವೂ ಅಲ್ಲ, ಸಂಬಂಧದ ಪದ. ಭಾಷಾಂತರವಾಗಿ ನೋಡಿದರೆ ದೂರದ್ದು, ಹೆಸರಾಗಿ ನೋಡಿದರೆ ಬಹಳ ಒಳ್ಳೆಯದು.

ಪದದ ಎರಡನೆಯ ತುಂಡಿನ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಎದ್ದಿದೆ. ಆ ಸ್ಥಾನದಲ್ಲಿ ಹೆಂಗಸು ಇದ್ದರೆ? ಇಂಗ್ಲಿಷಿನಲ್ಲಿ ‘ಫೋರ್‌ವುಮನ್’ ಎಂಬ ರೂಪ ಹಳೆಯದೇ. ಗಂಡು ಹೆಣ್ಣು ಎನ್ನದ ‘ಫೋರ್‌ಪರ್ಸನ್’ ಈಚಿನದು, ಅದು ಹೆಚ್ಚಾಗಿ ಅಮೆರಿಕದ ಪಂಚರಲ್ಲಿ ನೆಲೆಸಿದೆ. ಆ ದೇಶದ ಕಾರ್ಮಿಕ ಇಲಾಖೆಯು 1977ರಲ್ಲಿ ಹೊರತಂದ ಉದ್ಯೋಗಗಳ ಹೆಸರಿನ ನಿಘಂಟಿನ ನಾಲ್ಕನೆಯ ಆವೃತ್ತಿಯಲ್ಲಿ ಗಂಡಸರನ್ನೇ ಸೂಚಿಸುವ ಹುದ್ದೆಯ ಹೆಸರುಗಳನ್ನು ತೆಗೆಯಲಾಯಿತು, ಫೋರ್‌ಮನ್ನನ ಜಾಗವನ್ನು ಸೂಪರ್‌ವೈಸರ್ ತುಂಬಿತು. ನಮ್ಮಲ್ಲಿ 1952ರ ಗಣಿ ಕಾಯಿದೆಯು ಹೆಂಗಸರು ನೆಲದ ಕೆಳಗೆ ದುಡಿಯುವುದನ್ನೇ ನಿಷೇಧಿಸಿತ್ತು. 2019ರ ಜನವರಿಯಲ್ಲಿ ಹೊರಟ ಕೇಂದ್ರ ಸರಕಾರದ ಅಧಿಸೂಚನೆಯು ಬೆಳಗ್ಗೆ 6ರಿಂದ ಸಂಜೆ 7ರವರೆಗೆ, ಸತತವಾಗಿ ಇರಬೇಕಾಗಿಲ್ಲದ ತಾಂತ್ರಿಕ, ಮೇಲ್ವಿಚಾರಣೆಯ ಮತ್ತು ಆಡಳಿತದ ಕೆಲಸಗಳಲ್ಲಿ, ಅವರ ಬರಹದ ಒಪ್ಪಿಗೆಯಿದ್ದರೆ, ಸುರಂಗದೊಳಗೆ ಅವರನ್ನು ನಿಯೋಜಿಸಲು ಅವಕಾಶ ಕೊಟ್ಟಿತು. ಗಣಿಗಾರಿಕೆ ಓದಿದ ಹೆಣ್ಣುಮಗಳು ಆ ಪರೀಕ್ಷೆಗೆ ಕುಳಿತು ತೇರ್ಗಡೆಯಾದರೆ 1961ರ ನಿಯಮಾವಳಿಯಲ್ಲಿ ಅವಳ ಯೋಗ್ಯತಾ ಪತ್ರಕ್ಕೆ ಇರುವ ಹೆಸರು ಫೋರ್‌ಮನ್ ಎಂದೇ.